ಕುಂಟ ಹಂದಿ ಮತ್ತು ಮೂಗ

ಶನಿವಾರ ಮಧ್ಯಾಹ್ನ ಅಮ್ಮ ಮರುದಿನದ ಅಡುಗೆಗೆಂದು ಕೆಸುವಿನ ಎಲೆ ಹರವಿಕೊಂಡು ಕೂತಳೆಂದರೆ ಸೇನಿ ತನ್ನ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಟೀವಿಯಲ್ಲಿ ಆನ್‌ಲೈನ್ ವಿಡಿಯೋ ಆಟ ಶುರುವಾಗುವ ಮೊದಲೇ ಕಿವಿಗೆ ಹೆಡ್‌ಫೋನ್ ಏರಿಸಿ ಕಾಯುತ್ತಿದ್ದಳು. ಮೊದಲು ಡಬ್ಬೋ ಊರಿನ ಜ್ಯಾರಡ್ ಆಕಳಿಸುವುದು ಕೇಳುತ್ತಿತ್ತು, ಆಮೇಲೆ ಆಕ್ಲೆಂಡಿನ ಕೆಪು ಏನೋ ಜಗಿಯುವುದು. ಕೊನೆಗೆ ಮಿಲ್ಡುರಾದಿಂದ ಅವಳ ಅಣ್ಣ ಮೋಸೆಸೆ ಬರುತ್ತಿದ್ದ. ಬಂದವನೇ ಯಾವುದೋ ಮಾತಿಗೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಆ ನಗುವಿಗಾಗಿ ಅವಳು ವಾರವಿಡೀ ಕಾದಿರುತ್ತಿದ್ದಳು.

ಮನೆಯಲ್ಲಿ ಅವನು ನಗುತ್ತಿರಲಿಲ್ಲ. ಅವಳೆದುರು ನಗುತ್ತಿರಲಿಲ್ಲ ಎನ್ನಬೇಕು. ಅವರು ಟೊಂಗಾ ದ್ವೀಪದವರು, ಅವರಲ್ಲಿ ಅಕ್ಕತಂಗಿಯರೆಂದರೆ ಅಷ್ಟು ದೊಡ್ಡ ಮರ್ಯಾದೆ. ಅವಳಿರುವ ಕೋಣೆಯಲ್ಲಿ ಅಣ್ಣತಮ್ಮಂದಿರು ಕೂರುವುದಿಲ್ಲ, ಅವಳ ಜೊತೆ ಸಿನಿಮಾ ನೋಡುವುದಿಲ್ಲ, ಅವಳ ಕಿವಿಗೆ ಒಂದು ಪೋಲಿ ಮಾತು ಬೀಳಗೊಡುವುದಿಲ್ಲ. ಸಿಡ್ನಿಗೆ ಬಂದ ಮೇಲೆ ಎಷ್ಟೋ ಮನೆಗಳಲ್ಲಿ ಇದೆಲ್ಲ ಸಡಿಲವಾಗಿದೆ. ಮೌಂಟ್ ಡ್ರೂಯಿಟ್‌ನ ಈ ಮನೆಯಲ್ಲಿ ಆಗಿರಲಿಲ್ಲ. ಅಪ್ಪ ಬಿಗಿ ಮನುಷ್ಯ, ತೀರಿಕೊಂಡ ಮೇಲೂ ಅವನ ಬಿಗಿ ಮನೆಯಲ್ಲೇ ಉಳಿದಿತ್ತು. ಮಿಲ್ಡುರಾದ ದ್ರಾಕ್ಷಿ ತೋಟದಲ್ಲಿ ದುಡಿಯುವ ಮೋಸೆಸೆ ಸುಗ್ಗಿಯ ಮೊದಲ ಪೆಟ್ಟಿಗೆ ತಂಗಿಗೇ ಕಳಿಸುತ್ತಿದ್ದ. ಹಬ್ಬಕ್ಕೆ ಬಂದರೆ ಅವಳು ತಟ್ಟೆ ಮುಟ್ಟುವ ತನಕ ತಾನು ಮುಟ್ಟುತ್ತಿರಲಿಲ್ಲ. ತಲೆಯ ಮೇಲೆ ಹೊತ್ತು ತಿರುಗುತ್ತಾನೆ, ಪಕ್ಕದಲ್ಲಿ ಮಾತ್ರ ಕೂರುವುದಿಲ್ಲ. ಇಂಥ ಮರ್ಯಾದೆ ತೆಗೆದುಕೊಂಡು ಏನು ಉಪ್ಪಿನಕಾಯಿ ಹಾಕುವುದೇ?

ಮೊದಲು ಹೀಗಿರಲಿಲ್ಲ. ಚಿಕ್ಕಂದಿನಲ್ಲಿ ಇಬ್ಬರಿಗೂ ಒಂದೇ ಕೋಣೆ, ಒಂದೇ ಟೀವಿ, ಆಟಕ್ಕೆ ಒಂದೇ ಕಂಟ್ರೋಲರ್. ಎರಡನೆಯದನ್ನು ಕೊಡಿಸಲು ಅಪ್ಪ ಒಪ್ಪಿರಲಿಲ್ಲ. ಹಾಗಾಗಿ ಭುಜಕ್ಕೆ ಭುಜ ಒತ್ತಿಕೊಂಡು ಕೂತು ಅದನ್ನೇ ಹಂಚಿಕೊಂಡಿದ್ದರು. ಎಡಗಡೆಯ ಗುಂಡಿಗಳು ಸೇನಿಯವು, ಆಟದ ಮನುಷ್ಯನನ್ನು ಓಡಿಸುವುದು ಅವಳ ಕೆಲಸ. ಬಲಗಡೆಯವು ಮೋಸೆಸೆಯವು, ಗುಂಡು ಹಾರಿಸುವುದು ಅವನದು. "ನೀನು ಓಡು, ನಾನು ಹೊಡೀತೀನಿ" ಎಂದು ಅವನು ಪ್ರತಿ ಆಟದ ಮೊದಲೂ ಹೇಳುತ್ತಿದ್ದ. ಅಜ್ಜಿಯ ಹಿತ್ತಲಲ್ಲಿ ಒಂದು ಕಾಲು ಎಳೆಯುತ್ತ ಓಡಾಡುವ ಹಂದಿಯೊಂದಿತ್ತು. ಅದರ ನೆನಪಿಗೆ ತಮ್ಮ ಆಟಗಾರನಿಗೆ 'ಕುಂಟ ಹಂದಿ' ಎಂದು ತಮ್ಮ ಭಾಷೆಯಲ್ಲಿ ಹೆಸರಿಟ್ಟಿದ್ದರು.

ಸೇನಿಗೆ ಹನ್ನೆರಡು ತುಂಬಿದ ವರ್ಷ ಅವಳು ಶಾಲೆಯಿಂದ ಬರುವಷ್ಟರಲ್ಲಿ ಅಪ್ಪ ಅಣ್ಣನ ಮಂಚವನ್ನು ಗ್ಯಾರೇಜಿಗೆ ಸಾಗಿಸಿದ್ದ. ಆಟದ ಪೆಟ್ಟಿಗೆಯೂ ಅದರ ಹಿಂದೆಯೇ ಹೋಗಿತ್ತು. "ನೀನು ದೊಡ್ಡವಳಾದೆ ಕಣೆ, ಇನ್ಮೇಲೆ ಹಂಗೆಲ್ಲ ಇರಕ್ಕಾಗಲ್ಲ" ಎಂದಳು ಅಮ್ಮ. ಅಂಗಳದಲ್ಲಿ ಎದುರಾದಾಗ ಅಣ್ಣ ಕಣ್ಣು ಕೆಳಗೆ ಹಾಕಿ ಸರಿದು ನಿಂತ, ದೊಡ್ಡ ಗಂಡಸರು ನಿಲ್ಲುವ ಹಾಗೆ. ಅಂದಿನಿಂದ ಇಬ್ಬರ ಮಾತೂ ಅಮ್ಮನ ಬಾಯಿಯ ಮೂಲಕವೇ ಓಡಾಡಬೇಕಾಯಿತು. ಆ ಅಮ್ಮನೋ, ಹತ್ತು ಮಾತು ಹೇಳಿ ಕಳಿಸಿದರೆ ಆರನ್ನು ತಲುಪಿಸುವವಳು.

ಹೋದ ವರ್ಷ ಸೇನಿ ಹಳೆಯದೊಂದು ಆಟದ ಪೆಟ್ಟಿಗೆ ಕೊಂಡಳು. ಇಡೀ ದಿನ ಶಿಶುವಿಹಾರದಲ್ಲಿ ಮಕ್ಕಳ ಹಿಂದೆ ಕೂಗಿ ಕೂಗಿ ಬರುವವಳು, ಮನೆಯಲ್ಲಿ ಸುಮ್ಮನೆ ಕೂತು ಆಡೋಣವೆಂದು. ಆಡುವವರ ಹೆಸರುಗಳ ನಡುವೆ ಒಂದು ದಿನ 'ಕುಂಟ ಹಂದಿ' ಕಂಡಿತು. ಆ ಹೆಸರಿಡುವ ಹುಚ್ಚ ಈ ಭೂಮಿಯ ಮೇಲೆ ಇನ್ನೊಬ್ಬನಿರಲಿಲ್ಲ. ಅವನಿದ್ದ ಗುಂಪಿನಲ್ಲಿ ಮೂರು ಜನರಿದ್ದರು, ನಾಲ್ಕನೆಯವರು ಬೇಕಿತ್ತು. ಯಾವುದೋ ಹೆಸರಿಟ್ಟುಕೊಂಡು ಸೇರಿಬಿಟ್ಟಳು. ಮೈಕ್ ಕೆಟ್ಟಿದೆ ಎಂದು ಬರೆದು ತಿಳಿಸಿದಳು. ಅಂದೇ ಜ್ಯಾರಡ್ ಅವಳಿಗೆ 'ಮೂಗ' ಎಂದು ಹೆಸರಿಟ್ಟ. ಮೂಗ ಎಂದರೆ ಗಂಡೇ ಎಂದು ಎಲ್ಲರೂ ತಿಳಿದುಕೊಂಡರು, ಅವಳೂ ತಿದ್ದಲಿಲ್ಲ.

ತಿದ್ದಿದರೆ ಏನಾಗುತ್ತದೆಂದು ಅವಳು ಕಣ್ಣಾರೆ ಕಂಡಿದ್ದಳು. ಜ್ಯಾರಡ್ ಎಲ್ಲಿಗೋ ಹೋಗಿದ್ದ ಒಂದು ವಾರ ಪರ್ತ್‌ನ ಹುಡುಗಿಯೊಬ್ಬಳು ಅವನ ಜಾಗದಲ್ಲಿ ಆಡಲು ಬಂದಿದ್ದಳು. ಅವಳ ದನಿ ಕೇಳಿದ್ದೇ ತಡ, ಕೆಪು ಮದುವೆ ಆಗಿದೆಯೇ ಎಂದು ವಿಚಾರಿಸತೊಡಗಿದ. ಅವಳು ತನ್ನಪಾಡಿಗೆ ಶತ್ರುಗಳನ್ನು ಉರುಳಿಸುತ್ತಿದ್ದರೂ ಬಂದೂಕು ಹಿಡಿಯುವುದು ಹೇಗೆಂದು ಪಾಠ ಮಾಡಿದ. ಮೋಸೆಸೆ ಅಂತೂ ಇಗರ್ಜಿಯಲ್ಲಿ ಕೂತವನಂತೆ ಮೂರೂ ಹೊತ್ತು "ಹೌದು, ಆಗಬಹುದು, ಸರಿ" ಎನ್ನುತ್ತಿದ್ದ. ಆ ಹುಡುಗಿ ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಯಾರದೋ ಮನೆಯ ಹುಡುಗಿಗೇ ಹೀಗೆ ಬಾಗುವವನು ತಂಗಿ ಎಂದು ಗೊತ್ತಾದರೆ ಒಂದು ಗಳಿಗೆಯೂ ನಿಲ್ಲಲಾರ. ಬಾಯಿ ಬಿಟ್ಟರೆ ತಂಗಿ, ಮುಚ್ಚಿಕೊಂಡಿದ್ದರೆ ಜೊತೆಗಾರ. ಅವಳು ಮುಚ್ಚಿಕೊಂಡಿದ್ದಳು.

"ಲೋ ಮೂಗ, ನಿನಗೆ ಹುಡುಗೀರ ಹತ್ರ ಮಾತಾಡಕ್ಕೂ ಹಿಂಗೇ ಬಾಯಿ ಬರಲ್ವಾ?" ಎಂದು ಕೆಪು ಕೆಣಕುತ್ತಿದ್ದ. "ಕೇಳು, ನಾನು ಹೇಳ್ಕೊಡ್ತೀನಿ. ಮೊದಲು ಅವಳ ಸೊಂಟ..."

"ಬಾಯಿ ತೊಳ್ಕೊಂಡು ಬಾ ಹೋಗೋ" ಎಂದು ಮೋಸೆಸೆ ಅಲ್ಲಿಗೇ ತಡೆಯುತ್ತಿದ್ದ.

"ನೋಡಪ್ಪ ಪಾದ್ರಿಯನ್ನ" ಎಂದು ಜ್ಯಾರಡ್ ನಗುತ್ತಿದ್ದ. "ಮೂಗ, ನೀನು ಬರೋಕ್ಕೆ ಮುಂಚೆ ಇವನ ಬಾಯಿ ಕೇಳ್ಬೇಕಿತ್ತು. ನಮ್ಮ ಮೂರು ಜನರಲ್ಲಿ ಇವನದೇ ಗಬ್ಬು ಬಾಯಿ. ಈಗ ಅದೇನು ಬಂತೋ ಮಾರಾಯಂಗೆ."

ಮಿಲ್ಡುರಾದ ಇಗರ್ಜಿ ಅಣ್ಣನನ್ನು ತಿದ್ದಿದೆ ಎಂದುಕೊಂಡು ಸೇನಿ ಸಂತೋಷಪಟ್ಟಿದ್ದಳು. ಅದರಾಚೆ ಯೋಚಿಸಲಿಲ್ಲ. ಆಟದಲ್ಲಿ ಅವನ ಗುರಿ ತಪ್ಪುತ್ತಿರಲಿಲ್ಲ, ಆದರೆ ದಾರಿ ಮಾತ್ರ ತಲೆಗೆ ಹತ್ತುತ್ತಿರಲಿಲ್ಲ. ಬಾಗಿಲು ಕಣ್ಣ ಮುಂದಿದ್ದರೂ ಗೋಡೆಗೆ ಹೋಗಿ ಗುದ್ದುತ್ತಿದ್ದ. ಸೇನಿ ಜಿಂಕೆಯಂತೆ ಓಡುವಳು, ಗುಂಡು ಹೊಡೆದರೆ ಆಕಾಶಕ್ಕೆ. ಅವಳು ಮುಂದೆ ಓಡಿ ದಾರಿ ತೋರಿಸುವುದು, ಅವನು ಬೆನ್ನ ಹಿಂದೆ ಬಂದು ಹೊಡೆಯುವುದು, ಹೀಗೇ ರೂಢಿಯಾಗಿತ್ತು. "ನಿಮ್ಮಿಬ್ಬರನ್ನು ಕೂಡಿಸಿದರೆ ಒಬ್ಬ ಪೂರ್ತಿ ಆಟಗಾರ" ಎಂದು ಜ್ಯಾರಡ್ ಹಂಗಿಸುತ್ತಿದ್ದ.

ಹೀಗಿರುವಾಗ ಜ್ಯಾರಡ್ ಗುಂಪನ್ನು ಒಂದು ಪಂದ್ಯಕ್ಕೆ ಸೇರಿಸಿದ. "ಈ ಸಲ ಎಲ್ಲರೂ ಮಾತಾಡ್ಲೇಬೇಕು. ಮೂಗ, ಮುಂದಿನ ವಾರದೊಳಗೆ ಮೈಕ್ ತಗೋ. ಇಲ್ಲ ಅಂದ್ರೆ ಬೇರೆ ಯಾರನ್ನಾದರೂ ನೋಡ್ಕೋತೀನಿ."

"ಇರಲಿ ಬಿಡೋ" ಎಂದ ಮೋಸೆಸೆ. "ಅವನು ಮಾತಾಡದಿದ್ರೆ ನಿನ್ನ ಗಂಟೇನು ಹೋಗತ್ತೆ?"

"ಸೋಲ್ತೀವಿ, ಅದು ಹೋಗತ್ತೆ."

ಆ ವಾರವೇ ಅಮ್ಮನ ಅರವತ್ತರ ಹುಟ್ಟುಹಬ್ಬ. ಮೋಸೆಸೆ ಮಿಲ್ಡುರಾದಿಂದ ದಿನವಿಡೀ ಕಾರು ಓಡಿಸಿಕೊಂಡು ಬಂದ. ಗಂಡಸರೆಲ್ಲ ಗ್ಯಾರೇಜಿನಲ್ಲಿ ಕಾವಾ ಬೇರಿನ ಪಾನೀಯದ ಬೋಗುಣಿಯ ಸುತ್ತ ಕೂತರು. ಸೇನಿ ಹಂದಿಮಾಂಸದ ತಟ್ಟೆ ಹಿಡಿದು ಬಾಗಿಲ ತನಕ ಹೋದಳು. ಒಳಗಿನಿಂದ ಅಣ್ಣನ ನಗು ಕೇಳುತ್ತಿತ್ತು, ಶನಿವಾರದ ಅದೇ ನಗು. ಅವಳ ನೆರಳು ಹೊಸ್ತಿಲಿಗೆ ಬಿದ್ದದ್ದೇ ಅದು ನಿಂತುಹೋಯಿತು. ಅವನು ಎದ್ದು ಬಂದು, ಮುಖ ನೋಡದೆ, ಎರಡೂ ಕೈಯಿಂದ ತಟ್ಟೆ ತೆಗೆದುಕೊಂಡ. ಕೂದಲಲ್ಲಿ ಒಂದೆರಡು ಬಿಳಿ ಎಳೆ ಬಂದಿದ್ದವು.

"ಇನ್ನೂ ಬೇಕಾ?" ಎಂದಳು.

"ಸಾಕು" ಎಂದ.

ಕೈಗೆಟುಕುವಷ್ಟು ಹತ್ತಿರ ನಿಂತಿದ್ದ. ಗೋಡೆಗೆ ಗುದ್ದುವ ಹಂದಿಯೇ, ಮೂಗ ನಾನೇ ಕಣೋ ಎಂದು ಹೇಳಬೇಕೆಂದು ನಾಲಿಗೆ ತುರಿಸಿತು. ಆದರೆ ಅಡುಗೆಮನೆಗೆ ಹೋಗಿ, ಪಾತ್ರೆಗಳ ಮುಂದೆ ನಿಂತು ಅತ್ತಳು.

ಅವನು ಹೊರಟುಹೋದ ಮೇಲೆ ಅಮ್ಮ ಒಂದು ಡಬ್ಬಿ ತಂದು ಕೊಟ್ಟಳು. "ನಿಮ್ಮಣ್ಣ ಕೊಟ್ಟ, ನಿನಗೆ ಅಂತ." ಒಳಗೆ ಹೊಸ ಹೆಡ್‌ಫೋನ್, ಒಳ್ಳೆಯದು. ಬಾಯಿಯ ಮುಂದೆ ಸಿಕ್ಕಿಸುವ ಮೈಕಿನ ಕಡ್ಡಿಯ ಚಿತ್ರ ಡಬ್ಬಿಯ ಮೇಲಿತ್ತು. ಕಡ್ಡಿ ಮಾತ್ರ ಇರಲಿಲ್ಲ. ಸೇನಿ ಡಬ್ಬಿಯನ್ನು ಬೋರಲು ಹಾಕಿ ಬಡಿದಳು.

ಅಂದರೆ ಮೂಗ ಯಾರೆಂದು ಅಣ್ಣನಿಗೆ ಗೊತ್ತು. ಗೊತ್ತಿದ್ದೂ ಇಷ್ಟು ದಿನ ಜೊತೆಗಿದ್ದಾನೆ. ಜ್ಯಾರಡ್ ಗದರಿಸಿದ್ದು ಕೇಳಿ ಮೈಕ್ ಕೊಡಿಸಿದ್ದಾನೆ, ಮಾತಾಡು ಎನ್ನುತ್ತಿದ್ದಾನೆ. ಕಡ್ಡಿ ಎಲ್ಲಿಯೋ ಬಿದ್ದುಹೋಗಿರಬೇಕು, ಇಲ್ಲ ಅಂಗಡಿಯವನು ಟೋಪಿ ಹಾಕಿರಬೇಕು. ಚಿಕ್ಕಂದಿನಿಂದಲೂ ಅವನು ಏನನ್ನೂ ಬಿಚ್ಚಿ ನೋಡಿ ತರುವವನಲ್ಲ. ಅಷ್ಟಕ್ಕೂ ಮಿಲ್ಡುರಾ ಎಲ್ಲಿ, ಮೌಂಟ್ ಡ್ರೂಯಿಟ್ ಎಲ್ಲಿ? ಇದನ್ನು ಒಂದೇ ಕೋಣೆ ಎನ್ನುವವರು ಯಾರು? ಅವಳು ಮರುದಿನವೇ ಅಂಗಡಿಗೆ ಹೋಗಿ ಬೇರೊಂದು ಮೈಕ್ ತಂದಳು. ಹೇಳಬೇಕಾದ ಮಾತನ್ನು ಸ್ನಾನದ ಮನೆಯಲ್ಲಿ ನಿಂತು ಹೇಳಿ ಹೇಳಿ ಕಲಿತಳು.

ಶನಿವಾರ ಬಂತು. ಪಂದ್ಯ ಶುರುವಾಯಿತು. "ಮೂಗ, ಬಾಯಿ ಬಿಡಪ್ಪ ಇವತ್ತಾದ್ರೂ" ಎಂದ ಜ್ಯಾರಡ್. ಕಲಿತ ಮಾತೆಲ್ಲ ಮರೆತುಹೋಯಿತು. ಅಷ್ಟರಲ್ಲಿ ಕುಂಟ ಹಂದಿ ಎಂದಿನಂತೆ ಬಾಗಿಲು ಬಿಟ್ಟು ಗೋಡೆಯ ಕಡೆ ಹೊರಟಿತು. ಮಕ್ಕಳನ್ನು ಕೂಗಿ ಅಭ್ಯಾಸವಾದ ದನಿಯಲ್ಲಿ ಅವಳು ತಮ್ಮ ಭಾಷೆಯಲ್ಲೇ ಕೂಗಿಬಿಟ್ಟಳು.

"ಎಡಕ್ಕೆ ಅಣ್ಣ, ಎಡಕ್ಕೆ ಬಾ."

ಕುಂಟ ಹಂದಿ ನಿಂತಲ್ಲೇ ನಿಂತಿತು.

"ಇದ್ಯಾರೋ ಹುಡುಗಿ?" ಎಂದ ಜ್ಯಾರಡ್. "ಮೂಗ, ನಿನ್ನ ಹೆಂಡ್ತೀನಾ?"

"ಸುಮ್ನಿರೋ" ಎಂದ ಕೆಪು. ಅವನ ದನಿಯೇ ಬದಲಾಗಿತ್ತು. ಅವನೂ ಟೊಂಗಾದವನೇ, ಏನಾಯಿತೆಂದು ಅವನಿಗೆ ಅರ್ಥವಾಗಿತ್ತು. "ತಂಗಿ, ನೀನು ಅಂತ ಗೊತ್ತಿರಲಿಲ್ಲ. ಇಷ್ಟು ದಿನ ಏನೇನೋ ಹೊಲಸು ಮಾತಾಡಿದೀನಿ. ತಪ್ಪಾಯ್ತವ್ವ. ಮೋಸೆಸೆ, ನಿಂಗೂ ತಪ್ಪಾಯ್ತು ಅಂತೀನಿ ಕಣೋ."

ಮೋಸೆಸೆ ಉಸಿರಾಡುವುದು ಅವಳಿಗೆ ಕೇಳುತ್ತಿತ್ತು. ಆಮೇಲೆ ಅದೂ ನಿಂತಿತು. 'ಕುಂಟ ಹಂದಿ ಹೊರಹೋದರು' ಎಂಬ ಸಾಲು ತೆರೆಯ ಮೇಲೆ ಮೂಡಿತು.

ಮುಂದಿನ ಶನಿವಾರ ಅವನು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಆ ಹೆಸರೇ ಆಟದಿಂದ ಮಾಯವಾಗಿತ್ತು.

ಅಮ್ಮ ಎಲೆ ತೊಳೆಯುತ್ತಿದ್ದಾಗ ಸೇನಿ ಎದುರಿಗೆ ಹೋಗಿ ಕೂತಳು. "ಅಮ್ಮ, ಆ ಡಬ್ಬಿ ಕೊಟ್ಟಾಗ ಅಣ್ಣ ಏನಾದ್ರೂ ಹೇಳಿದ್ನಾ?"

"ಏನಿಲ್ಲ ಕಣೆ." ಅಮ್ಮ ಒಂದು ಎಲೆ ಮಡಚಿದಳು. "ಹಾಂ, ಅದರದ್ದು ಒಂದು ಕಡ್ಡಿ ನನ್ನ ಹತ್ರ ಕೊಟ್ಟಿದಾನೆ. ಹೊಲಿಗೆ ಡಬ್ಬೀಲಿಟ್ಟೆ."

"ಯಾಕೆ ನನಗೆ ಕೊಡಲಿಲ್ಲ?"

"ಕೊಡಬೇಡ ಅಂದನಲ್ಲ. ಇದಿಲ್ಲದಿದ್ರೂ ಕೇಳಿಸತ್ತಂತೆ. ಅವಳು ಮಾತಾಡದೆ ಕೇಳ್ಕೊಂಡಿರಲಿ, ನಾನೂ ಇರ್ತೀನಿ ಅಂತ ಹೇಳು ಅಂದ. ನನಗೆ ತಲೆಬುಡ ಗೊತ್ತಾಗಲಿಲ್ಲ, ಮರೆತೂ ಹೋಯ್ತು. ಯಾಕೆ, ಮುಖ್ಯವಾದದ್ದಾ?"

"ಇಲ್ಲಮ್ಮ" ಎಂದಳು ಸೇನಿ. ಮೊದಲ ದಿನವೇ ಅವಳ ಓಟ ನೋಡಿ ಅವನು ಗುರುತು ಹಿಡಿದಿದ್ದ. ಅವಳು ಬಂದ ದಿನದಿಂದಲೇ ಪಾದ್ರಿಯಾಗಿದ್ದ. ಅವಳ ಕಿವಿ ಕಾಯುತ್ತ, ಗೊತ್ತಿಲ್ಲದವನಂತೆ ನಗುತ್ತ, ತಂಗಿಯ ಪಕ್ಕದಲ್ಲಿ ಕೂರಲು ಒಂದು ಸಂದು ಹುಡುಕಿಕೊಂಡಿದ್ದ. ಅದನ್ನು ಅವಳೇ ಮುಚ್ಚಿಬಿಟ್ಟಿದ್ದಳು.

ಪಂದ್ಯ ಕೈಬಿಟ್ಟಿತ್ತು. ಆದರೂ ಜ್ಯಾರಡ್ ಅವಳನ್ನು ಬಿಡಲಿಲ್ಲ. ನಾಚಿಕೊಂಡು ಕೆಲವು ವಾರ ದೂರವಿದ್ದ ಕೆಪು ವಾಪಸು ಬಂದ, ಬಾಯಿಗೆ ಬೀಗ ಜಡಿದುಕೊಂಡು. ಚಳಿ ಕಳೆಯುವ ಹೊತ್ತಿಗೆ ಒಂದು ಶನಿವಾರ ನಾಲ್ಕನೆಯವನೊಬ್ಬ ಸೇರಿದ. ಹೆಸರೆಂದರೆ ಬರೀ ಅಂಕಿಗಳು. ಮೈಕ್ ಕೆಟ್ಟಿದೆ ಎಂದು ಬರೆದಿದ್ದ.

"ತಗೋ, ಇನ್ನೊಬ್ಬ ಮೂಗ" ಎಂದು ಜ್ಯಾರಡ್ ಗೊಣಗಿದ. ಹೊಸಬ ಎರಡು ಶತ್ರುಗಳನ್ನು ದೂರದಿಂದಲೇ ಗುರಿಯಿಟ್ಟು ಉರುಳಿಸಿದ. ಆಮೇಲೆ ಮುಂದೆ ಹೊರಟು, ತೆರೆದ ಬಾಗಿಲ ಪಕ್ಕದ ಗೋಡೆಗೆ ಹೋಗಿ ಗುದ್ದಿದ. ಮತ್ತೆ ಗುದ್ದಿದ.

ಸೇನಿಯ ಕಣ್ಣು ಮಂಜಾಯಿತು. ಅಣ್ಣ ಎನ್ನಲಿಲ್ಲ. ಈ ಸಲ ಆ ತಪ್ಪು ಮಾಡುವವಳಲ್ಲ.

"ಹೊಸಬರೇ, ನಾನು ಓಡ್ತೀನಿ, ನೀವು ಹೊಡೀರಿ" ಎಂದಳು.

ಅವನು ತಿರುಗಿ ಅವಳ ಬೆನ್ನ ಹಿಂದೆ ಬಂದ. ಅವಳು ಓಡುತ್ತ ಓಡುತ್ತ ಜ್ಯಾರಡ್‌ಗೆ ಕತೆ ಹೇಳತೊಡಗಿದಳು. ಅಮ್ಮನ ಮಂಡಿನೋವು ಇಳಿದಿದೆ, ಗ್ಯಾರೇಜಿನ ಪಕ್ಕದ ನಿಂಬೆಗಿಡ ಹೂಬಿಟ್ಟಿದೆ, ಶಿಶುವಿಹಾರದಲ್ಲಿ ಒಬ್ಬ ಪೋರ ತನ್ನ ಚಪ್ಪಲಿಯನ್ನು ಮೀನಿನ ತೊಟ್ಟಿಗೆ ಹಾಕಿ ಈಜು ಕಲಿಸುತ್ತಿದ್ದ.

"ಅಲ್ಲಮ್ಮ, ಇದನ್ನೆಲ್ಲ ನಂಗ್ಯಾಕೆ ಹೇಳ್ತಿದೀಯಾ?" ಎಂದ ಜ್ಯಾರಡ್.

"ಕೇಳ್ಕೊಂಡಿರು" ಎಂದಳು ಸೇನಿ.

ಕೆಪು ಚಪ್ಪಲಿಯ ಮಾತಿಗೆ ನಕ್ಕ. ಜ್ಯಾರಡ್ ಕೂಡ ನಕ್ಕ. ಅವಳು ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡಳು. ಮಿಲ್ಡುರಾದಲ್ಲಿ ಅವನೂ ನಕ್ಕನೋ ಏನೋ, ಅವಳಿಗೆ ಕೇಳಿಸುವಂತಿರಲಿಲ್ಲ.