ಎರಡು ಚೊಂಬಿನ ಬಾವಿ

ಬಳ್ಳಾರಿಗೆ ರೈಲು ಬಂದು ಇಪ್ಪತ್ತು ವರ್ಷ ದಾಟಿತ್ತು. ಕುರುಗೋಡಿಗೆ ಹೋಗುವವರಿಗೆ ಎತ್ತಿನ ಗಾಡಿಯಿತ್ತು, ಉಳ್ಳವರಿಗೆ ಜಟಕಾ ಇತ್ತು. ಇಷ್ಟಿದ್ದೂ ಮದುವೆಯಾಗಿ ಮಕ್ಕಳಿದ್ದ ಇಬ್ಬರು ಗಂಡಸರು ತಿಂಗಳಿಗೊಮ್ಮೆ ಕಚ್ಚೆ ಬಿಗಿದು, ಯಾರ ಟಪಾಲೂ ಹೊರದೆ, ಯಾರೂ ಬೆನ್ನಟ್ಟದೆ, ಬಳ್ಳಾರಿಯಿಂದ ಕುರುಗೋಡಿನವರೆಗೆ ಓಡುತ್ತಿದ್ದರು. ನೋಡಿದವರು ಹುಚ್ಚರೆಂದರು. ಅಂದವರದೇನೂ ತಪ್ಪಿರಲಿಲ್ಲ.

ಒಬ್ಬ ಮರಿಬಸಪ್ಪ, ಹತ್ತಿ ವ್ಯಾಪಾರ ಮಾಡುವ ಲಿಂಗಾಯತರವನು. ಇನ್ನೊಬ್ಬ ಪ್ರಾಣೇಶ, ಕಚೇರಿಯಲ್ಲಿ ನಕಲು ಬರೆಯುವ ಗುಮಾಸ್ತ, ಮಾಧ್ವ ಬ್ರಾಹ್ಮಣ. ಕಂಟೋನ್ಮೆಂಟಿನ ಮೈದಾನದಲ್ಲಿ ಗೋರಾ ಸಿಪಾಯಿಗಳು ಪಂದ್ಯ ಕಟ್ಟಿ ಓಡುವುದನ್ನು ನೋಡುತ್ತ ನಿಂತಿದ್ದಾಗ ಇಬ್ಬರಿಗೂ ಪರಿಚಯವಾಯಿತು. "ಇವ್ರಿಗಿಂತ ನಾ ಜೋರು ಓಡ್ತೀನಿ," ಎಂದ ಪ್ರಾಣೇಶ. "ನಿನಗಿಂತ ನಾ," ಎಂದ ಮರಿಬಸಪ್ಪ. ಅಂದು ಶುರುವಾದದ್ದು ಒಂಬತ್ತು ವರ್ಷ ನಡೆಯಿತು.

ಓಡುವಾಗ ಇಬ್ಬರ ಸೊಂಟದಲ್ಲೂ ಒಂದೊಂದು ಸಣ್ಣ ಹಿತ್ತಾಳೆಯ ಚೊಂಬು, ಒಂದೊಂದು ಹಗ್ಗ. ಕುರುಗೋಡು ಇನ್ನೊಂದು ಹರದಾರಿ, ಅಂದರೆ ಮೂರು ಮೈಲಿ, ಇರುವಾಗ ಬೇವಿನ ಮರದ ಪಕ್ಕ ಒಂದು ಬಾವಿ. ಯಾರ ಚೊಂಬು ಮೊದಲು ನೀರು ಮುಟ್ಟುತ್ತದೋ ಅವನು ಗೆದ್ದಂತೆ. ಅಲ್ಲಿಂದ ಮುಂದಿನದು ಬರೀ ಮಾತಿನ ಓಟ. ಬಾವಿ ಒಂದೇ, ನೀರು ಒಂದೇ, ಆದರೆ ಪ್ರಾಣೇಶ ಲಿಂಗಾಯತ ಸೇದಿದ ನೀರು ಕುಡಿಯುವಂತಿಲ್ಲ, ಮರಿಬಸಪ್ಪ ಲಿಂಗವಿಲ್ಲದವನು ಸೇದಿದ ನೀರು ಕುಡಿಯುವಂತಿಲ್ಲ. ಊರಲ್ಲಿ ಹೆಗಲ ಮೇಲೆ ಕೈ ಹಾಕಿಕೊಂಡು ತಿರುಗುವವರು ಬಾವಿಕಟ್ಟೆಯ ಎರಡು ತುದಿಗೆ ಕೂತು ಕುಡಿಯುತ್ತಿದ್ದರು. ಇದರಲ್ಲಿ ವಿಚಿತ್ರವೇನಿದೆ ಎಂದು ಇಬ್ಬರಿಗೂ ಒಮ್ಮೆಯೂ ಅನ್ನಿಸಿರಲಿಲ್ಲ.

ಏಳನೆಯ ವರ್ಷ ಒಮ್ಮೆ ಎಡವಟ್ಟಾಗಿತ್ತು. ಪ್ರಾಣೇಶ ಚೊಂಬು ಬಿಚ್ಚಿಟ್ಟು ಕಾಲಿನ ಮುಳ್ಳು ತೆಗೆಯುತ್ತ ಕೂತಿದ್ದ. ಪಾಪ, ದಣಿದಿದ್ದಾನೆ ಎಂದು ಮರಿಬಸಪ್ಪ ಅದೇ ಚೊಂಬಿನಲ್ಲಿ ನೀರು ಸೇದಿ ಅವನ ಮುಂದಿಟ್ಟ. ಪ್ರಾಣೇಶನ ಮುಖ ಕಪ್ಪಿಟ್ಟಿತು. ನೀರು ಚೆಲ್ಲಿದ, ಚೊಂಬನ್ನು ಮಣ್ಣು ಹಾಕಿ ಮೂರು ಸಲ ಉಜ್ಜಿದ, ಬಾಯಾರಿಯೇ ಎದ್ದು ಹೋದ. ಆಮೇಲೆ ಮೂರು ತಿಂಗಳು ಮಾತಿಲ್ಲ, ಓಟವಿಲ್ಲ. ಮರಿಬಸಪ್ಪ ಒಬ್ಬನೇ ಓಡಿ ನೋಡಿದ. ಹಿಂದೆ ಚೊಂಬಿನ ಸದ್ದಿಲ್ಲದೆ ದಾರಿಯೇ ಸಾಗಲಿಲ್ಲ. ಕೊನೆಗೆ ಅವನೇ ಪ್ರಾಣೇಶನ ಮನೆಯ ಮುಂದೆ ನಿಂತು, "ಇನ್ನು ನಿನ್ನ ಚೊಂಬಿನ ತಂಟೆಗೆ ಬಂದ್ರ ಕೇಳು. ನಾಳಿಂದ ಓಡೂನು ಬಾರಲೇ," ಎಂದು ಸೋತು ಬಂದ. ಹೆಂಡತಿ ತವರಿಗೆ ಹೋದಾಗಲೂ ಅವನು ಅಷ್ಟು ಬಳಲಿರಲಿಲ್ಲ.

ಒಂಬತ್ತನೆಯ ವರ್ಷದ ಬೇಸಿಗೆಯಲ್ಲಿ ಸಿರುಗುಪ್ಪದ ಚಿನ್ನಪ್ಪ ಹತ್ತಿ ಗಾಡಿಯೊಂದಿಗೆ ಬಳ್ಳಾರಿಗೆ ಬಂದಿದ್ದ. ಅವನಿಗೂ ಓಡುವ ಹುಚ್ಚು. "ಕುರುಗೋಡು ಅಂದ್ರ ನಮ್ಮ ಕಡೆ ಮುದುಕೇರು ನಡೆದು ಬರೋ ದೂರ," ಎಂದು ಕೆಣಕಿದ. "ಸಿರುಗುಪ್ಪಿ ಮಟ ಓಡಿ ಬರ್ರಿ. ಹೊಳಿ ದಂಡಿ ಮ್ಯಾಲ ಕಾಯ್ತಿರ್ತೀನಿ."

ಅವನು ಹೋದ ಮೇಲೆ ಪ್ರಾಣೇಶ, "ಹೋಗೋಣೇನೋ ಮರಿಯಾ?" ಎಂದ. "ಹೊಳಿಗೆ ಚೊಂಬು ಬೇಕಾಗಂಗಿಲ್ಲ. ಇಬ್ರೂ ಬಗ್ಗಿ ಬೊಗಸೀಲೇ ಕುಡೀಬಹುದು. ಒಂದ ಕಡೆ."

ಅಷ್ಟು ಸಾಕಾಯಿತು ಮರಿಬಸಪ್ಪನಿಗೆ. ಸಿರುಗುಪ್ಪ ಹನ್ನೊಂದು ಹರದಾರಿ, ಒಂದು ದಿನದಲ್ಲಿ ಮುಗಿಯುವ ಮಾತಲ್ಲ. ಮೊದಲ ದಿನ ಕುರುಗೋಡಿನಲ್ಲಿ ತಂಗುವುದೆಂದಾಯಿತು.

ಕಚೇರಿಗೆ ರಜೆ ಸಿಕ್ಕಿದ್ದು ದ್ವಾದಶಿಯ ದಿನ. ಹಿಂದಿನ ದಿನ ಏಕಾದಶಿ. ಪ್ರಾಣೇಶನದು ಹನಿ ನೀರೂ ಮುಟ್ಟದ ಉಪವಾಸ. ಪೂಜೆ, ಪಾರಣೆ ಮುಗಿಸಿ ಅವನು ಹೊರಬೀಳುವಾಗ ಬಿಸಿಲು ಕೋಟೆಯ ಗುಡ್ಡ ಹತ್ತಿಯಾಗಿತ್ತು.

"ಮುಂದಿನ ತಿಂಗಳಾ ಹೋಗೂನು ತಗೋ," ಎಂದ ಮರಿಬಸಪ್ಪ. "ಮಾರಿ ನೋಡಿದ್ರ ಬಾಡೇತಿ."

"ಉಪವಾಸ ಮಾಡಿದವನ ಮೈ ಹಗುರ ಇರ್ತದ. ನೀ ಸೋಲ್ತೀನಂತ ಹೆದರ್ಕೋಬ್ಯಾಡ."

ಸೋಲುತ್ತೀ ಅಂದರೆ ಮರಿಬಸಪ್ಪ ಬಿಡುವವನೇ? ಓಡಿದರು. ಊರು ದಾಟುವವರೆಗೆ ಜೊತೆಜೊತೆಗೆ, ಆಮೇಲೆ ಮರಿಬಸಪ್ಪ ಮುಂದೆ. ಹಿಂದೆ ಚೊಂಬಿನ ಸದ್ದು ಬರುತ್ತಿತ್ತು. ಅದು ದೂರವಾದರೆ ಅವನು ನಿಧಾನಿಸುತ್ತಿದ್ದ, ಹತ್ತಿರವಾದರೆ ಬೀಸುಗಾಲು ಹಾಕುತ್ತಿದ್ದ. ಎರೆಹೊಲದಲ್ಲಿ ನರಪಿಳ್ಳೆಯಿರಲಿಲ್ಲ. ಬಾವಿ ಕಂಡದ್ದೇ ತಡ, ಓಡಿಹೋಗಿ ತನ್ನ ಚೊಂಬು ಇಳಿಬಿಟ್ಟು, "ಮುಳುಗ್ತಲೇ, ಗೆದ್ದೆ," ಎಂದು ಕೂಗಿದ. ಉತ್ತರ ಬರಲಿಲ್ಲ. ತಿರುಗಿದರೆ ಪ್ರಾಣೇಶ ಐವತ್ತು ಹೆಜ್ಜೆ ಹಿಂದೆ ದಾರಿಯಲ್ಲೇ ಬಿದ್ದಿದ್ದ.

ಮರಿಬಸಪ್ಪ ಅವನನ್ನು ಎತ್ತಿಕೊಂಡು ಬಂದು ಬೇವಿನ ನೆರಳಲ್ಲಿ ಮಲಗಿಸಿದ. ಎತ್ತುವಾಗಲೂ ಸೊಂಟದ ಚೊಂಬಿಗೆ ಕೈ ತಾಗದಂತೆ ನೋಡಿಕೊಂಡ. ನೀರು ಸೇದಿ ತಲೆಗೆ ತಟ್ಟಿದ, ತಲೆಗೆ ಸುತ್ತಿದ್ದ ವಲ್ಲಿ ಬಿಚ್ಚಿ ನೆನೆಸಿ ಎದೆಯ ಮೇಲೆ ಹಾಕಿದ. ಮೈ ಕಾದ ಹಂಚಾಗಿತ್ತು, ಒಂದು ಹನಿ ಬೆವರಿರಲಿಲ್ಲ.

ಪ್ರಾಣೇಶ ಕಣ್ಣು ತೆರೆದು, "ನೀರು," ಎಂದ.

ಮರಿಬಸಪ್ಪ ಕೈಯಲ್ಲಿ ತುಂಬಿದ ಚೊಂಬು ಹಿಡಿದು ಕೂತಿದ್ದ.

"ಹಾಕೋ, ಮರಿಯಾ."

"ಇದು ನನ್ನ ಚೊಂಬೋ. ನಿನಗ ಎಚ್ಚರಿಲ್ಲ. ನಾಳೆ ಮಾರಿ ತಿರುವ್ತಿ ನೀನು."

ಪ್ರಾಣೇಶ ಏನೋ ಅಂದ, ಅರ್ಥವಾಗಲಿಲ್ಲ. ಮರಿಬಸಪ್ಪನಿಗೆ ಆಗ ಸಾವಿನ ನೆನಪೇ ಬರಲಿಲ್ಲ. ಬಂದದ್ದು ಆ ಮೂರು ತಿಂಗಳ ನೆನಪು. ಕುಡಿಸಿಬಿಟ್ಟರೆ ಇವನು ಬದುಕುತ್ತಾನೆ, ಬದುಕಿ ಇನ್ನೆಂದೂ ತನ್ನ ಜೊತೆ ಓಡುವುದಿಲ್ಲ ಎಂದು ಹೆದರಿದ. ಕುರುಗೋಡಿನಲ್ಲಿ ಪುರೋಹಿತ ನರಸಿಂಹಾಚಾರ್ಯರ ಮನೆ ಗೊತ್ತಿತ್ತು. ಒಂದೇ ಹರದಾರಿ.

"ಕುಡಿಸೋರನ್ನ ಕರ್ಕೊಂಡು ಬರ್ತೀನಿ. ಕಣ್ಣು ಮುಚ್ಚಬ್ಯಾಡ," ಎಂದು ತನ್ನ ಚೊಂಬನ್ನು ಬಾವಿಕಟ್ಟೆಯ ಮೇಲಿಟ್ಟು ಓಡಿದ.

ಒಂಬತ್ತು ವರ್ಷದಲ್ಲಿ ಅವನು ಹಾಗೆ ಓಡಿರಲಿಲ್ಲ. ಅಂಗಾಲಿನ ಚರ್ಮ ಕಿತ್ತು ಬಂದದ್ದು ಆಚಾರ್ಯರ ಮನೆಯ ಮುಂದೆ ನಿಂತಾಗ ಗೊತ್ತಾಯಿತು. ಇದನ್ನು ಪ್ರಾಣೇಶ ನೋಡಬೇಕಿತ್ತು ಎಂದು ಆ ಗಳಿಗೆಯಲ್ಲೂ ಅನ್ನಿಸಿತು ಅವನಿಗೆ, ಹಾಳು ಮನಸ್ಸು. ಆಚಾರ್ಯರು ಊಟದೆಲೆ ಬಿಟ್ಟೆದ್ದರು. ಆದರೆ ಅವರಿಗೆ ಓಡಲು ಬರುತ್ತಿರಲಿಲ್ಲ. ಗಾಡಿ ಹುಡುಕಬೇಕಾಯಿತು, ಎತ್ತು ಕಟ್ಟಬೇಕಾಯಿತು.

ಗಾಡಿ ಬಾವಿಗೆ ಬರುವಾಗ ಹೊತ್ತು ಇಳಿದಿತ್ತು. ಬೇವಿನ ನೆರಳಿನಲ್ಲಿ ಪ್ರಾಣೇಶ ಇರಲಿಲ್ಲ. ನೆರಳಿನಿಂದ ಬಾವಿಕಟ್ಟೆಯವರೆಗೆ ಹತ್ತು ಹೆಜ್ಜೆ ದೂರ ಮಣ್ಣಿನಲ್ಲಿ ತೆವಳಿದ ಗುರುತಿತ್ತು. ಅವನು ಕಟ್ಟೆಯ ಬುಡದಲ್ಲಿ ಮುಖ ಅಡಿಯಾಗಿ ಬಿದ್ದಿದ್ದ. ಪಕ್ಕದಲ್ಲೇ ಮರಿಬಸಪ್ಪನ ಚೊಂಬು ಉರುಳಿತ್ತು, ಅದರ ಕಂಠದ ಮೇಲೆ ಪ್ರಾಣೇಶನ ಬೆರಳುಗಳಿದ್ದವು. ನೀರೆಲ್ಲ ನೆಲ ಕುಡಿದಿತ್ತು. ಅವನನ್ನು ಹೊರಳಿಸಿದಾಗ ತುಟಿಯ ಮೇಲೆ ಒಣ ಮಣ್ಣಿತ್ತು. ಅವನ ಸ್ವಂತ ಚೊಂಬು ಸೊಂಟದಲ್ಲೇ ಇತ್ತು, ಗಂಟು ಬಿಚ್ಚಿರಲಿಲ್ಲ.

ಆಚಾರ್ಯರು ಪ್ರಾಣೇಶನ ತೆರೆದೇ ಉಳಿದಿದ್ದ ಕಣ್ಣು ಮುಚ್ಚಿಸಿದರು. ಕೆಟ್ಟವರಲ್ಲ ಅವರು. "ನಿನ್ನ ಚೊಂಬು ತಗೊಂಡು ದೂರ ಇಡಪಾ," ಎಂದರು. "ಮನಿಯವರಿಗೆ ಈ ಸಂಗತಿ ಬ್ಯಾಡ." ಮರಿಬಸಪ್ಪ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ.

ಸಿರುಗುಪ್ಪದ ಹೊಳೆಯ ದಂಡೆಯಲ್ಲಿ ಚಿನ್ನಪ್ಪ ಮರುದಿನವೆಲ್ಲ ಕಾದನಂತೆ.

ಬಳ್ಳಾರಿಯಲ್ಲಿ ಮರಿಬಸಪ್ಪನ ಹೆಸರು ದೊಡ್ಡದಾಯಿತು. ಗೆಳೆಯನ ಆಚಾರ ಉಳಿಸಲಿಕ್ಕೆ ಕಾಲು ಹರಿದುಕೊಂಡು ಓಡಿದ ಪುಣ್ಯಾತ್ಮ ಎಂದರು. ಅವನ ತಾಯಿ ಕೊಟ್ರಮ್ಮ ಕೂಡ, "ಅವ್ರ ಧರ್ಮ ಅವ್ರಿಗೆ ಉಳಿಸಿಕೊಟ್ಟಿ ಮಗನ," ಎಂದಳು. ಯಾರಾದರೂ ಒಬ್ಬರು ಉಗಿದು ಬೈದಿದ್ದರೆ ಅವನಿಗೆ ಎರಡು ತುತ್ತು ಅನ್ನ ಇಳಿಯುತ್ತಿತ್ತೇನೋ. ಯಾರೂ ಬೈಯಲಿಲ್ಲ.

ಹದಿನಾಲ್ಕನೆಯ ದಿನ ಪ್ರಾಣೇಶನ ತಾಯಿ ತಿರುಮಲಮ್ಮ ಕರೆಸಿದರು. ಅವನು ಹೊರಗಿನ ಕಟ್ಟೆಯ ಮೇಲೆ ಕೂತ. ಆಕೆ ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಮಗನ ಚೊಂಬು. ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಮಾಡಿದ್ದರು.

"ದೇವರ ಮುಂದ ನೀರು ತುಂಬಿ ಇಡಬೇಕಂತ ಮಾಡೇನಪ್ಪಾ," ಎಂದರು. "ನೀನೊಬ್ಬನ ಹೇಳಬೇಕು. ಕಡೀಕ ಇದನ್ನ ಯಾರೂ ಮುಟ್ಟಿಲ್ಲಲ್ಲಾ?"

ಮರಿಬಸಪ್ಪ ತನ್ನ ಕೈಗಳನ್ನು ನೋಡಿಕೊಂಡ.

"ಇಲ್ಲಬೇ," ಎಂದ. "ಯಾರೂ ಮುಟ್ಟಲಿಲ್ಲ."