ಕರೆಂಟ್ ಬಂದಾಗಿನ ಬಾಣ

ಹುಮನಾಬಾದಿನ ಡಿಪ್ಲೊಮಾ ಕಾಲೇಜಿನ ಲ್ಯಾಬಿನಲ್ಲಿ ಫ್ಯಾನು ನಿಂತಿತು. ಬಸವಕಲ್ಯಾಣದಿಂದ ದಿನಾ ಬಸ್ಸಿಗೆ ಬಂದು ಪಾಠ ಮಾಡುವ ರೂಪಾಲಿಗೆ ಇದೇನೂ ಹೊಸದಲ್ಲ. ಲ್ಯಾಪ್‌ಟಾಪಿನಲ್ಲಿ ಚಾರ್ಜಿತ್ತು, ಪಾಠ ನಿಲ್ಲಿಸಲಿಲ್ಲ.

ಪರದೆಯ ಮೇಲೆ ಹುಡಗಿ ಎಂಬ ಊರಿನ ವಿದ್ಯಾರ್ಥಿ ಸತೀಶಕುಮಾರ ಬಿಡಿಸಿದ ಚಿತ್ರವಿತ್ತು. ದನಗಳ ಮೇವಿಗೆ ಕಣಕಿ, ಅಂದರೆ ಜೋಳದ ಒಣ ದಂಟು, ಕತ್ತರಿಸುವ ಮನೆಯ ಮಷೀನನ್ನು ಅವನು ಚೌಕ ಚೌಕವಾಗಿ ಇಳಿಸಿದ್ದ: ಮೋಟರಿಗೊಂದು, ಬ್ಲೇಡಿಗೊಂದು, ನಡುವೆ ಬಾಣಗಳು. ಚಿತ್ರ ಬಿಡಿಸಿದರೆ ಸಾಕು, ಪ್ರೋಗ್ರಾಮನ್ನು ಸಾಫ್ಟ್‌ವೇರೇ ಬರೆದುಕೊಡುತ್ತದೆ. ಪ್ರೋಗ್ರಾಮು ಬಾಣ ತೋರಿಸಿದತ್ತ ಹೋಗುತ್ತದೆ. ದಾರಿಯಲ್ಲಿ ಯಾರಿದ್ದಾರೆಂದು ಕೇಳುವುದಿಲ್ಲ.

"ನೋಡ್ರಿ, ಈಗ ಕರೆಂಟ್ ಹೋಗ್ಯದ. ಸತೀಶನ ಮಷೀನ್ ಏನ್ ಮಾಡ್ತದ?"

'ಕರೆಂಟ್ ಹೋಯಿತು' ಎಂಬ ಗುಂಡಿ ಒತ್ತಿದಳು. 'ನಿಂತಿದೆ' ಎಂಬ ಚೌಕ ಕೆಂಪಾಯಿತು. 'ಕರೆಂಟ್ ಬಂತು' ಒತ್ತಿದಳು. 'ತಿರುಗುತ್ತಿದೆ' ಹಸಿರಾಯಿತು. ನಡುವೆ ಯಾರೂ ಸ್ವಿಚ್ ಹಾಕಿರಲಿಲ್ಲ.

"ಭಾಳ ಶಾಣ್ಯಾ ಮಷೀನ್ ಅದರಿ, ಧಣಿ ಬರೋತನಕ ಕಾಯಂಗಿಲ್ಲ," ಎಂದ ಹಿಂದಿನ ಬೆಂಚಿನ ಬಸವಕುಮಾರ. ಎಲ್ಲರೂ ನಕ್ಕರು.

ರೂಪಾಲಿ ನಗಲಿಲ್ಲ. ಹೋದ ವಾರ 'ನಿಂತಿದೆ'ಯಿಂದ ನೇರ 'ತಿರುಗುತ್ತಿದೆ'ಗೆ ಹೋಗುವ ಆ ಬಾಣವನ್ನೇ ಹೊಗಳಿ, ಚಿತ್ರವನ್ನು ಮಾದರಿಯೆಂದು ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಹಾಕಿದ್ದವಳು ಅವಳೇ.

"ಸತೀಶ, ಮಷೀನಿನ ಬಾಯಾಗ ಕಣಕಿ ಸಿಕ್ಕೊಂಡ್ರ ಯಾವಾಗ ತೆಗೀತೀರಿ?"

"ಕರೆಂಟ್ ಹೋದಾಗ್ರಿ. ಆವಾಗ ಹ್ಯಾಂಗೂ ನಿಂತಿರ್ತದಲ್ರಿ. ಅವ್ವನೇ ತೆಗೀತಾಳ."

"ಈ ಪ್ರೋಗ್ರಾಮ್ ಮನ್ಯಾಗಿನ ಆ ಮಷೀನಿಗೆ ಹಚ್ಚೀ ಏನು?"

"ನಿನ್ನಿ ಸಂಜೀಗೇ ಹಚ್ಚೀನ್ರಿ." ಹೆಮ್ಮೆಯಿಂದ ಹೇಳಿದವನ ಕಣ್ಣು ಪರದೆಯ ಹಸಿರು ಚೌಕದ ಮೇಲೆ ಬಿತ್ತು.

"ಅವ್ವಗ ಫೋನ್ ಹಚ್ಚು. ಹಚ್ಚಂದ್ರ ಹಚ್ಚು!"

ಹುಡಗಿ ಊರಿಗೂ ಸುತ್ತಲಿನ ಊರುಗಳಿಗೂ ಇದೇ ಕರೆಂಟಿನ ಲೈನು. ಫೋನು ಹೊಡೆದುಕೊಂಡೇ ಹೊಡೆದುಕೊಂಡಿತು. ಕಡೆಗೆ ತಾಯಿ ಬಾಳಮ್ಮನ ದನಿ ಬಂತು: "ತಡಿಯಪ್ಪಾ, ಕಣಕಿ ಸಿಕ್ಕದ. ಒಂದು ಕೈ ಮಷೀನ್ಯಾಗ ಅದ."

"ಅವ್ವಾ, ಕೈ ತೆಗಿ!"

"ಯಾಕೋ ಹುಚ್ಚಪ್ಪಾ? ಕರೆಂಟೇ ಇಲ್ಲಲ್ಲೋ."

"ನನ್ನಾಣಿ ಅದ, ತೆಗಿ!"

ಮಗ ತನ್ನ ಮೇಲೆ ಆಣೆ ಹಾಕಿಕೊಂಡರೆ ಯಾವ ತಾಯಿ ವಾದ ಮಾಡುತ್ತಾಳೆ? "ತಗದೆ, ತಗದೆ ಮಾರಾಯಾ," ಎಂದಳು ಬಾಳಮ್ಮ.

ರೂಪಾಲಿ ಸತೀಶನತ್ತ ತಿರುಗಿದಳು. "ಫ್ಯೂಸ್ ಕಿತ್ತಿಡು ಅಂತ ಹೇಳು. ಉಳಿದೋರು ಗ್ರೂಪಿನ್ಯಾಗಿನ ಆ ಚಿತ್ರ ಈಗೇ ಅಳಸ್ರಿ."

ಯಾರೂ ಕೈ ಆಡಿಸಲಿಲ್ಲ. ಎಲ್ಲರೂ ಬಸವಕುಮಾರನನ್ನು ನೋಡುತ್ತಿದ್ದರು. ಅವನು ಎದ್ದು ನಿಂತಿದ್ದ, ಫೋನು ಕಿವಿಗಿತ್ತು. ಈಗ ಅವನ ಮುಖದಲ್ಲಿ ತಮಾಷೆ ಇರಲಿಲ್ಲ.

"ಅದನ್ನೇ ತಗೊಂಡು ಹಳ್ಳಿಖೇಡದ ನಮ್ಮ ಮಾವನ ಮಷೀನಿಗೆ ಹಚ್ಚೀನ್ರಿ, ಮೇಡಂ. ಮಾವ ಫೋನ್ ಎತ್ತವಲ್ಲರಿ."

ತಲೆಯ ಮೇಲೆ ಫ್ಯಾನು ಕಿರ್ರೆಂದು, ನಿಧಾನಕ್ಕೆ, ತಿರುಗತೊಡಗಿತು.