ತಾಯಿಯ ಹೆಸರಿನ ಕಾಲಂ

ಸಾಗರದ ಬಸ್‌ಸ್ಟ್ಯಾಂಡ್ ಎದುರಿನ ಸತೀಶನ ಆನ್‌ಲೈನ್ ಸೆಂಟರಿನಲ್ಲಿ ಹತ್ತು ಗಂಟೆಗೆ ಕೂತ ದೀಪಶ್ರೀ ಹನ್ನೊಂದೂವರೆಯಾದರೂ ಎದ್ದಿರಲಿಲ್ಲ. ಮಸ್ಕತ್ತಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಕೆಲಸ ಸಿಕ್ಕಿತ್ತು, ವೀಸಾ ಅರ್ಜಿಯೊಂದೇ ಬಾಕಿ. ಸತೀಶ ಇಂಥ ಅರ್ಜಿಗಳನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ತುಂಬುವವನು. ಪಾಸ್‌ಪೋರ್ಟ್ ನಂಬರನ್ನು ಟೈಪ್ ಮಾಡಿ, ಬಾಯಲ್ಲಿ ಓದಿ, ಆಮೇಲೆ ಗಿರಾಕಿಯಿಂದಲೂ ಓದಿಸುವನು. ಕೊಟ್ಟ ದಿನಾಂಕ ಮತ್ತು ಮುಗಿಯುವ ದಿನಾಂಕ ಅದಲುಬದಲಾಗಿ ಯಾರದೋ ಅರ್ಜಿ ವಾಪಸ್ ಬಂದ ಕತೆಯನ್ನು ಬಂದವರಿಗೆಲ್ಲ ಹೇಳದಿದ್ದರೆ ಅವನಿಗೆ ತಿಂದದ್ದು ಕರಗುತ್ತಿರಲಿಲ್ಲ.

"ತಾಯಿ ಹೆಸರು, ಶೇಷಮ್ಮ," ಎಂದು ಪಾಸ್‌ಪೋರ್ಟಿನ ಕೊನೆಯ ಪುಟ ನೋಡಿ ಓದಿದ.

"ಹಾಲಮ್ಮ ಅಂತ ಹಾಕಿ," ಅಂದಳು ದೀಪಶ್ರೀ.

"ಎಂತ ಮಾರಾಯ್ರೆ! ಪಾಸ್‌ಪೋರ್ಟಲ್ಲಿ ಇದ್ದಂಗೇ ಹಾಕ್ಬೇಕು. ಇಲ್ದಿದ್ರೆ ವಾಪಸ್ ಬರ್ತದೆ."

"ಪಾಸ್‌ಪೋರ್ಟಲ್ಲಿ ಇರೋದೇ ಸುಳ್ಳು. ಒಂದ್ಸಲ ನಿಜ ಹಾಕಿ, ಕಣ್ತುಂಬ ನೋಡ್ತೀನಿ."

ಸುಳ್ಳು ಹೇಗಾಯಿತು ಎಂಬುದು ಹೊಸನಗರದ ಹತ್ತಿರದ ಅವಳ ಊರಿಗೆಲ್ಲ ಗೊತ್ತು. ಹೆತ್ತವಳು ಹಾಲಮ್ಮ. ಹೆತ್ತ ಹನ್ನೊಂದನೇ ದಿನವೇ ಮಗುವನ್ನು ಪಕ್ಕದ ಮನೆಯ ಶೇಷಮ್ಮನಿಗೆ ಒಂದು ಮೊರ ತೌಡಿಗೆ ಮಾರಿದಳು. ಹಿಂದಿನ ಮಕ್ಕಳು ಉಳಿಯದಿದ್ದರೆ ಹೀಗೆ ಮಾರುವ ಪದ್ಧತಿ ಆ ಕಡೆ ಇತ್ತು. ಬೇರೆಯವರು ಹೆಸರಿಗಷ್ಟೇ ಮಾರಿ ಮಗುವನ್ನು ಮಡಿಲಲ್ಲೇ ಇಟ್ಟುಕೊಳ್ಳುತ್ತಿದ್ದರು. ಹಾಲಮ್ಮ ನಿಜವಾಗಿಯೇ ಮಾರಿದಳು. ಶಾಲೆಗೆ ಸೇರಿಸಿದವಳು ಶೇಷಮ್ಮ, ಮೇಷ್ಟ್ರು ಬರೆದುಕೊಂಡದ್ದು ಶೇಷಮ್ಮನ ಹೆಸರು. ಆಧಾರ್, ಅಂಕಪಟ್ಟಿ, ಪಾಸ್‌ಪೋರ್ಟ್ ಎಲ್ಲ ಅದರ ಬೆನ್ನು ಹಿಡಿದು ಬಂದವು. ಎರಡು ಮನೆಗಳ ನಡುವೆ ಇದ್ದದ್ದು ಒಂದು ಬೇಲಿ. ಮೂವತ್ತೊಂದು ವರ್ಷದಲ್ಲಿ ಹಾಲಮ್ಮ ಒಂದು ದಿನವೂ ಬೇಲಿಯಾಚೆಯಿಂದ "ಮಗಳೇ" ಅನ್ನಲಿಲ್ಲ. ದೀಪಶ್ರೀ ಅವಳನ್ನು ಹಾಲಕ್ಕ ಎಂದೇ ಕರೆಯಬೇಕಿತ್ತು. ಪದ್ಧತಿಯೆಲ್ಲ ನೆಪ, ಹೆಣ್ಣೆಂಬ ತಾತ್ಸಾರಕ್ಕೇ ಮಾರಿದಳೆಂದು ಇವಳ ನಂಬಿಕೆ. ಶೇಷಮ್ಮ ಹೋದ ವರ್ಷ ತೀರಿಕೊಂಡ ಮೇಲೂ ಹಾಲಮ್ಮ ಬಾಯಿ ಬಿಡದಿದ್ದಾಗ ಆ ಸಿಟ್ಟು ಇಮ್ಮಡಿಯಾಯಿತು.

ಸತೀಶ ಗೊಣಗುತ್ತಲೇ ಹಾಲಮ್ಮ ಎಂದು ಹಾಕಿದ. "ಕಳಿಸೋದಿಲ್ಲ, ಸೇವ್ ಮಾಡಿಡ್ತೀನಿ. ಟೀ ಕುಡ್ಕೊಂಡು ಬನ್ನಿ, ಆಮೇಲೆ ಬುದ್ಧಿ ಬರ್ತದೆ."

ಅವಳು ಮೆಟ್ಟಿಲಿಳಿಯುವಷ್ಟರಲ್ಲಿ ಫೋನ್ ಬಂತು. ಆ ಕಡೆ ಒಂದು ಹೆಂಗಸಿನ ದನಿ, ಬೆಣ್ಣೆಯಷ್ಟು ಮೆತ್ತಗೆ, ಅವಳ ಊರಿನದೇ ಮಾತು.

"ದೀಪಶ್ರೀ ಅಂದ್ರೆ ಹಾಲಮ್ಮನ ಮಗಳಾ?"

ವೀಸಾ ಕಚೇರಿಯಲ್ಲಿರುವ ಊರ ಕಡೆಯವರು ಯಾರೋ ಇರಬೇಕೆಂದುಕೊಂಡಳು. ಎದೆ ಉಬ್ಬಿತು. "ಹೌದು. ಹಾಲಮ್ಮನ ಮಗಳೇ."

"ಹಂಗಾ. ಇಷ್ಟು ವರ್ಷ ಗೊತ್ತೇ ಆಗ್ಲಿಲ್ಲ ನೋಡು. ಹಾಲಮ್ಮನ್ನೂ ಒಂದ್ಮಾತು ಕೇಳ್ತೀನಿ."

ಫೋನ್ ಕಟ್ಟಾಯಿತು. ವಾಪಸ್ ಮೇಲೆ ಹೋಗಿ ಸತೀಶನಿಗೆ ಹೇಳಿದರೆ ಅವನು ಬಿಟ್ಟ ಬಾಯಿ ಮುಚ್ಚಲಿಲ್ಲ. ಅರ್ಜಿ ಅವನ ಕಂಪ್ಯೂಟರ್ ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ. ದೀಪಶ್ರೀ ತನ್ನ ಫೋನಿನಲ್ಲಿ ನಂಬರು ಹುಡುಕಿದಳು. ಆ ಹೊತ್ತಿನಲ್ಲಿ ಯಾವ ಕರೆಯೂ ಬಂದ ಗುರುತಿರಲಿಲ್ಲ. ಹೊಸನಗರದ ಬಸ್ಸು ಹೊರಡುತ್ತಿತ್ತು, ಓಡಿ ಹತ್ತಿದಳು.

ಮೂರು ಗಂಟೆಗೆ ಮನೆ ಮುಟ್ಟಿದಾಗ ಹಾಲಮ್ಮ ತನ್ನ ಜಗುಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ದೀಪಶ್ರೀ ಹೇಳಿದ್ದನ್ನೆಲ್ಲ ಕೇಳುತ್ತಿದ್ದಂತೆ ಅವಳ ಕೈಯಲ್ಲಿದ್ದ ಬೀಜ ಹಾಗೇ ಜಾರಿ ಬಿತ್ತು.

"ದನಿ ಹೆಂಗಿತ್ತೇ?"

"ಮೆತ್ತಗಿತ್ತು."

"ಅಯ್ಯೋ, ಎಂತ ಮಾಡ್ಕೊಂಡ್ಯೇ!" ಹಾಲಮ್ಮ ತಲೆಯ ಮೇಲೆ ಕೈಯಿಟ್ಟುಕೊಂಡಳು. "ಮೊದಲ್ನೇದು ಗಂಡು. ನಾಕು ತಿಂಗಳು. ಬಿಸಿಲಲ್ಲಿ ಎಣ್ಣೆ ಹಚ್ತಾ ಕೂತಿದ್ದೆ. ಬೇಲಿ ಬಾಗಿಲು, ಆ ದಣಪೆ ಹತ್ರ ಯಾರೋ ನಿಂತು, 'ಯಾರ ಮಗುವೇ ಇದು?' ಅಂತ ಕೇಳ್ತು. ದನಿ ಮಾತ್ರ, ಮುಖ ಇಲ್ಲ. ನಂದು ಅಂದೆ, ಎಷ್ಟು ಜಂಬದಲ್ಲಿ ಅಂದೆ ಗೊತ್ತಾ! ಸಂಜೆಗೆ ಜ್ವರ. ಮೂರು ದಿನ. ಎರಡನೇದಕ್ಕೂ ಕೇಳ್ತು, ಮೂರನೇದಕ್ಕೂ ಕೇಳ್ತು. ನಂದು ಅನ್ನದೆ ಇರಕ್ಕೆ ಬಾಯಿ ಬರಬೇಕಲ್ಲ? ನೀನು ಹುಟ್ಟಿದ ಮೇಲೂ ಬಂತು. ಅಷ್ಟೊತ್ತಿಗೆ ನಿನ್ನನ್ನ ಮಾರಿ ಆಗಿತ್ತು. ಶೇಷಮ್ಮನದು ಅಂದೆ. ಹೋಯ್ತು. ವರ್ಷಾವರ್ಷ ಬರ್ತಿತ್ತು. ವರ್ಷಾವರ್ಷ ಅದನ್ನೇ ಅಂದೆ. ಒಳಗೆ ಬಂದು ಬಾಯಿಗೆ ಸೆರಗು ತುರುಕ್ಕೊಂಡು ಅಳ್ತಿದ್ದೆ."

ದೀಪಶ್ರೀ ಮೂವತ್ತೊಂದು ವರ್ಷ ಸಾಕಿಕೊಂಡು ಬಂದ ಸಿಟ್ಟು ನಿಂತ ನಿಲುವಿನಲ್ಲೇ ನಾಚಿಕೆಯಾಯಿತು.

"ಮೊದ್ಲು ಅದನ್ನ ಅಳಿಸು," ಅಂದಳು ಹಾಲಮ್ಮ.

ದೀಪಶ್ರೀ ಸತೀಶನಿಗೆ ಫೋನ್ ಮಾಡಿ ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಹಾಕಿಸಿದಳು. ಅವನು ಶೇಷಮ್ಮ ಎಂದು ಟೈಪ್ ಮಾಡಿ, ಅಕ್ಷರ ಅಕ್ಷರ ಬಿಡಿಸಿ ಓದಿ ಹೇಳಿದ. ಆ ಫೋನ್ ಇಡುವುದಕ್ಕೂ ಹಾಲಮ್ಮನ ಫೋನ್ ಬಡಿದುಕೊಳ್ಳುವುದಕ್ಕೂ ಸರಿಹೋಯಿತು. ಯಾರೂ ಮುಟ್ಟಲಿಲ್ಲ. ಮುಟ್ಟದೆಯೇ ಅದು ಮಾತಾಡಿತು.

"ಹಾಲಮ್ಮಾ, ಯಾರ ಮಗಳೇ ಇವಳು?"

"ಶೇಷಮ್ಮನದು."

"ಶೇಷಮ್ಮ ನಮ್ಮ ಕಡೆ ಬಂದು ವರ್ಷ ಆಯ್ತಲ್ಲೇ. ಅವಳನ್ನೇ ಕೇಳ್ದೆ. ನಂಗೆ ಮಕ್ಕಳಿಲ್ಲ ಅಂದ್ಳು. ಸತ್ತೋರಿಗೆ ಸುಳ್ಳು ಹೇಳಕ್ಕೆ ಬರಲ್ಲ ನೋಡು. ಹೆತ್ತೋರು ಯಾರು?"

ಹಾಲಮ್ಮ ದೀಪಶ್ರೀಯ ಮುಖವನ್ನು ನೋಡಿದಳು. ಹಾಗೆ ನೆಟ್ಟ ನೋಟದಲ್ಲಿ ಅವಳು ಹಿಂದೆಂದೂ ನೋಡಿರಲಿಲ್ಲ. ದೀಪಶ್ರೀ ಬೇಡ, ಬೇಡ ಎಂದು ತಲೆಯಾಡಿಸಿದಳು. ಬದುಕೆಲ್ಲ ಯಾವ ಮಾತಿಗಾಗಿ ಕಾದಿದ್ದಳೋ ಅದು ಬರದೇ ಇರಲಿ ಎಂದು ಮನಸ್ಸಿನಲ್ಲೇ ಕೈಮುಗಿದಳು.

"ನಾನು," ಅಂದಳು ಹಾಲಮ್ಮ. "ನನ್ನ ಮಗಳು. ನನ್ನ ಹೊಟ್ಟೇಲಿ ಹುಟ್ಟಿದ್ದು. ಮೂರು ಕೊಟ್ಟಿದೀನಿ, ಇದನ್ನ ಕೊಡಲ್ಲ. ಬಂದ ತಪ್ಪಿಗೆ ನನ್ನನ್ನೇ ಕರ್ಕೊಂಡು ಹೋಗು."

ಫೋನಿನಲ್ಲಿ ಅದೇ ಬೆಣ್ಣೆ ದನಿ, "ಆಗ್ಲಿ," ಅಂದಿತು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಹಾಲಮ್ಮನ ಮೈ ಕೆಂಡವಾಗಿತ್ತು. ಹೊಸನಗರದಲ್ಲಿ ನೋಡಿದ ಡಾಕ್ಟರು ಬೆಳಿಗ್ಗೆಯೇ ತೀರ್ಥಹಳ್ಳಿಗೆ ಕರೆದೊಯ್ಯಿರಿ ಅಂದರು. ದಾರಿಯುದ್ದಕ್ಕೂ ದೀಪಶ್ರೀ ಒದ್ದೆ ಬಟ್ಟೆ ಹಾಕುತ್ತಾ, ಯಾರಿಗೂ ಕೇಳದಂತೆ ಕಿವಿಯ ಹತ್ತಿರ ಬಗ್ಗಿ "ಅಮ್ಮಾ, ಅಮ್ಮಾ" ಅನ್ನುತ್ತಿದ್ದಳು. ಅಷ್ಟು ವರ್ಷದ ಬಾಕಿಯನ್ನೆಲ್ಲ ಯಾವ ಊರು ದಾಟಿತೆಂದೂ ತಿಳಿಯದ ಬೆಳಗಿನ ಮಬ್ಬಿನಲ್ಲಿ ಹೇಳಿ ತೀರಿಸಿದಳು. ಅಂದಷ್ಟು ಸಲವೂ ಜ್ವರ ಏರುತ್ತಿತ್ತು. ಥರ್ಮಾಮೀಟರ್ ಸುಳ್ಳು ಹೇಳದು, ಅವಳೇ ನರ್ಸು. ಆದರೂ ಬಾಯಿ ಕೇಳಬೇಕಲ್ಲ.

ಆಸ್ಪತ್ರೆಯ ದಾಖಲಾತಿ ಕಿಟಕಿಯ ಹಿಂದೆ ಮಾಸ್ಕ್ ಹಾಕಿದ ಹೆಂಗಸೊಬ್ಬಳು ತಲೆ ತಗ್ಗಿಸಿ ಫಾರಂ ತುಂಬುತ್ತಿದ್ದಳು. ರೋಗಿಯ ಹೆಸರು, ವಯಸ್ಸು, ಊರು. ದೀಪಶ್ರೀ ಒಂದೊಂದಾಗಿ ಹೇಳಿದಳು.

"ನೀವು ಇವರಿಗೆ ಏನಾಗ್ಬೇಕು?"

ದನಿ ಬೆಣ್ಣೆಯಷ್ಟು ಮೆತ್ತಗಿತ್ತು.

ದೀಪಶ್ರೀ ತಿರುಗಿ ನೋಡಿದಳು. ಸ್ಟ್ರೆಚರಿನ ಮೇಲೆ ಅಮ್ಮ ಕಣ್ಣು ಬಿಟ್ಟಿದ್ದಳು, ಕಿವಿ ಇತ್ತಲೇ ಇತ್ತು. 'ಮಗಳು' ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಅದನ್ನು ನುಂಗುವುದಕ್ಕೆ ಎಷ್ಟು ಬಲ ಬೇಕು ಎಂದು ಅವಳಿಗೆ ಆಗ ಗೊತ್ತಾಯಿತು. ಅವಳು ನುಂಗಬೇಕಾದ್ದು ಒಂದು ಸಲ, ಅಮ್ಮ ನುಂಗಿದ್ದು ಮೂವತ್ತೊಂದು ವರ್ಷ.

"ಏನೂ ಆಗ್ಬೇಕಿಲ್ಲ. ಪಕ್ಕದ್ಮನೆಯೋರು."

"ಮಕ್ಕಳು ಯಾರೂ ಇಲ್ವಾ ಇವರಿಗೆ?"

"ಇಲ್ಲ. ಮೂರು ಆಗಿದ್ವಂತೆ. ಯಾವುದೂ ಉಳೀಲಿಲ್ಲ."

ಪೆನ್ನು ನಿಂತಿತು. ಕಿಟಕಿಯ ಹಿಂದಿನವಳು ಇನ್ನೊಂದು ಪ್ರಶ್ನೆಗೆ ತಡಕಾಡಿದಂತೆ ಕಂಡಿತು. ಪ್ರಶ್ನೆ ಸಿಗಲಿಲ್ಲವೇನೋ, ಫಾರಂ ಆಚೆ ತಳ್ಳಿ ಎದ್ದು ಒಳಗೆ ಹೋದಳು.

ಹಾಲಮ್ಮನ ಹಣೆಯ ಮೇಲೆ ಬೆವರು ಒಡೆಯಿತು, ಜ್ವರ ಇಳಿಯುವಾಗಿನ ಬೆವರು. ಒರೆಸಲು ದೀಪಶ್ರೀಯ ಕೈ ತಾನಾಗಿ ಮುಂದೆ ಹೋಯಿತು. ಅವಳು ಅದನ್ನು ಹಿಂದಕ್ಕೆ ಎಳೆದುಕೊಂಡು, ಪಕ್ಕದ ಮನೆಯವಳು ಕೂರುವಷ್ಟು ದೂರದ ಬೆಂಚಿನಲ್ಲಿ ಹೋಗಿ ಕೂತಳು.